ಸೀಡ್‌ಲೆಸ್ ದ್ರಾಕ್ಷಿಯಿಂದ ಶುರುವಾಗುವ ಪಾಠ

“ಪಟ್ಟಿ ಪೂರ್ತಿ ಬಾಯಿಪಾಠ ಮಾಡಿದ್ದಾರೆ ಮೇಡಂ. ‘ಅನ್’ ಅಂದರೆ ಅಲ್ಲ, ‘ರೀ’ ಅಂದರೆ ಮತ್ತೆ, ‘ಫುಲ್’ ಅಂದರೆ ತುಂಬಿದ. ಯಾರನ್ನು ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಾರೆ. ಆದರೆ ಕತೆ ಓದುವಾಗ ‘ಅನ್‌ಕೈಂಡ್’ ಅಂತ ಬಂದರೆ ಅದೇ ಮಕ್ಕಳು ಅರ್ಥ ಏನು ಸಾರ್ ಅಂತ ನನ್ನ ಮುಖ ನೋಡುತ್ತಾರೆ. ‘ಕೈಂಡ್’ ಗೊತ್ತು, ‘ಅನ್’ ಗೊತ್ತು, ಎರಡೂ ಸೇರಿದ್ದು ಮಾತ್ರ ಗೊತ್ತಿಲ್ಲ.”

ಕ್ಲಸ್ಟರ್ ಸಮಾಲೋಚನ ಸಭೆ ಮುಗಿದಿತ್ತು. ಬೇರೆ ಶಾಲೆಗಳ ಶಿಕ್ಷಕರು ಬೈಕ್ ಹತ್ತಿ ಹೊರಟಾಗಿತ್ತು. ಐದನೇ ತರಗತಿಗೆ ಇಂಗ್ಲಿಷ್ ಹೇಳುವ ಈ ತರುಣ ಮೇಷ್ಟ್ರು ತಾವು ಬರೆದ ದೊಡ್ಡ ಚಾರ್ಟನ್ನು ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದರು. ಎದುರಿಗಿದ್ದವರು ಅವರಿಗೇ ಒಂದು ಕಾಲಕ್ಕೆ ಪಾಠ ಹೇಳಿದ್ದ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸಿ ನಿವೃತ್ತರಾದ ಶಿಕ್ಷಕಿ.

“ಎಷ್ಟಿವೆಯಪ್ಪ ಚಾರ್ಟಿನಲ್ಲಿ?”

“ಪ್ರಿಫಿಕ್ಸ್ ಇಪ್ಪತ್ತು, ಸಫಿಕ್ಸ್ ಇಪ್ಪತ್ತನಾಲ್ಕು.”

“ಒಂದೇ ಸಲಕ್ಕೆ ಇಷ್ಟು ಯಾಕೆ? ಥಾಮಸ್ ವೈಟ್ ಎಂಬುವರು ಇನ್ನಿಬ್ಬರ ಜೊತೆ ಸೇರಿ 1989ರಲ್ಲಿ ಒಂದು ಲೆಕ್ಕ ಕೊಟ್ಟರು. ಅಮೆರಿಕದ ಮೂರನೇ ತರಗತಿಯಿಂದ ಒಂಬತ್ತನೇ ತರಗತಿವರೆಗಿನ ಪುಸ್ತಕಗಳಲ್ಲಿ ಬರುವ ಪದಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಪ್ರಿಫಿಕ್ಸ್ ಇರುವ ಪದಗಳಲ್ಲಿ ಶೇ 26ರಷ್ಟಕ್ಕೆ ‘ಅನ್’ ಒಂದೇ. ‘ರೀ’, ‘ಡಿಸ್’, ಆಮೇಲೆ ಅಲ್ಲ ಅನ್ನುವ ಅರ್ಥದ ‘ಇನ್’ ಮತ್ತು ಅದರ ಬದಲು ರೂಪಗಳು, ಇವಿಷ್ಟನ್ನು ‘ಅನ್’ ಜೊತೆ ಸೇರಿಸಿದರೆ ಶೇ 58 ಆಯಿತು. ಸಫಿಕ್ಸ್ ಕಡೆ ಇನ್ನೂ ಕಡಿಮೆ ಸಾಕು. ಬಹುವಚನದ ‘ಎಸ್’, ‘ಇಎಸ್’, ಭೂತಕಾಲದ ‘ಇಡಿ’, ಆಮೇಲೆ ‘ಐಎನ್‌ಜಿ’. ಮೂರರಲ್ಲೇ ಶೇ 65 ಮುಗಿಯುತ್ತದೆ. ನಿನ್ನ ಚಾರ್ಟಿನಲ್ಲಿ ‘ಆಂಟಿ’, ‘ಇಂಟರ್’, ‘ಸಬ್’ ಎಲ್ಲ ‘ಅನ್’ನ ಪಕ್ಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಕೂತಿವೆ. ಯಾವುದು ದಿನಕ್ಕೆ ಹತ್ತು ಸಲ ಎದುರಾಗುತ್ತದೆ, ಯಾವುದು ತಿಂಗಳಿಗೊಮ್ಮೆ ಅಂತ ಮಗುವಿಗೆ ಹೇಗೆ ತಿಳಿಯಬೇಕು?”

ತರುಣ ಒಪ್ಪಿದರೂ ಒಂದು ಮಾತು ಉಳಿಸಿಕೊಂಡರು. “ಹಾಗಾದರೆ ‘ಅನ್’ನಿಂದ ಶುರು ಮಾಡಿದ್ದು ಸರಿಯೇ ಆಯಿತಲ್ಲ ಮೇಡಂ. ಇಂಗ್ಲೆಂಡಿನ 2014ರ ರಾಷ್ಟ್ರೀಯ ಪಠ್ಯಕ್ರಮದಲ್ಲೂ ಮೊದಲ ವರ್ಷದ ಮಕ್ಕಳಿಗೆ ಇರುವ ಪ್ರಿಫಿಕ್ಸ್ ‘ಅನ್’ ಒಂದೇ. ‘ಫುಲ್’, ‘ಲೆಸ್’, ‘ನೆಸ್’ ಬರುವುದು ಎರಡನೇ ವರ್ಷಕ್ಕೆ. ‘ಡಿಸ್’, ‘ರೀ’, ‘ಸಬ್’ ಇವೆಲ್ಲ ಮೂರು, ನಾಲ್ಕನೇ ವರ್ಷಕ್ಕೆ.”

“ಅಲ್ಲಿಯ ಮಗು ‘ಅನ್‌ಹ್ಯಾಪಿ’ ಅನ್ನುವ ಮಾತನ್ನು ಅಮ್ಮನ ಬಾಯಲ್ಲಿ ಕೇಳಿಕೊಂಡೇ ಶಾಲೆಗೆ ಬಂದಿರುತ್ತದೆ. ಆ ಕ್ರಮ ಆ ಮಗುವಿಗೆ ಸರಿ. ನಮ್ಮ ಮಗುವಿನ ಬಾಯಲ್ಲಿ ಏನಿದೆ ಅಂತ ನೋಡಬೇಕಲ್ಲ. ‘ತೊಳೆಯದ ಬಟ್ಟೆ’ ಅನ್ನುತ್ತದೆ. ಇಲ್ಲ ಅನ್ನುವ ಅರ್ಥ ಎಲ್ಲಿದೆ? ‘ತೊಳೆ’ ಆದ ಮೇಲೆ, ಕೊನೆಗೆ. ‘ಓದದ ಪುಸ್ತಕ’, ‘ಬಾರದ ಬಸ್ಸು’, ಎಲ್ಲೆಲ್ಲೂ ಕೊನೆಗೇ. ಇಂಗ್ಲಿಷಿನವರು ‘ಅನ್‌ವಾಷ್ಡ್’ ಅಂತ ಆ ಅರ್ಥವನ್ನು ಮುಂದಕ್ಕೆ ತಂದು ಕೂರಿಸುತ್ತಾರೆ. ನಮ್ಮ ಮಕ್ಕಳು ಪದವನ್ನು ಬಿಡಿಸುವಾಗ ಬಾಲ ನೋಡಿ ಅಭ್ಯಾಸವಾದವರು, ತಲೆ ನೋಡಿ ಅಲ್ಲ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಬರೆದರಲ್ಲ, ಕನ್ನಡ ತನ್ನದೇ ರೀತಿಯಲ್ಲಿ ಪದ ಕಟ್ಟುತ್ತದೆ ಅಂತ ಅವರು ಹೇಳಿದ್ದನ್ನು ಇಂಗ್ಲಿಷ್ ಮೇಷ್ಟ್ರೂ ಓದಬೇಕು. ಅಚ್ಚಗನ್ನಡದಲ್ಲಿ ಪ್ರತ್ಯಯ ಹಿಂದೆ ಬರುತ್ತದೆ. ಮುಂದೆ ಬರುವ ‘ಅ’, ‘ನಿರ್’, ‘ದುರ್’, ‘ಪ್ರತಿ’ ಇವೆಲ್ಲ ಸಂಸ್ಕೃತದಿಂದ ಬಂದ ಉಪಸರ್ಗಗಳು.”

“ಹಾಗಾದರೆ ಯಾವುದರಿಂದ ಶುರು ಮಾಡಲಿ?”

“ಲೆಸ್‌ನಿಂದ.”

ತರುಣನ ಮುಖದಲ್ಲಿ ಅನುಮಾನ ಕಂಡು ಅವರೇ ಮುಂದುವರಿಸಿದರು. “ಸಂತೆಗೆ ಹೋದ ಮಗುವನ್ನು ಕೇಳು. ಸೀಡ್‌ಲೆಸ್ ದ್ರಾಕ್ಷಿ ಅಂದರೆ ಏನು? ಬೀಜ ಇಲ್ಲದ್ದು. ಪಂಕ್ಚರ್ ಅಂಗಡಿಯವನ ಮಗನನ್ನು ಕೇಳು. ಟ್ಯೂಬ್‌ಲೆಸ್ ಟೈರ್? ಟ್ಯೂಬ್ ಇಲ್ಲದ್ದು. ಅಡುಗೆಮನೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇದೆ, ಪೊಲೀಸರ ಕೈಯಲ್ಲಿ ವೈರ್‌ಲೆಸ್ ಇದೆ. ಒಂದು ಪದವನ್ನೂ ನೀನು ಕಲಿಸಬೇಕಾಗಿಲ್ಲ, ಎಲ್ಲ ಅವರ ಹತ್ತಿರವೇ ಇವೆ. ಜೊತೆಗೆ ಪದದ ಒಳಗಿನ ಕ್ರಮವೂ ನಮ್ಮದೇ. ಬೀಜ ಮೊದಲು, ಇಲ್ಲದ ಅನ್ನುವುದು ಆಮೇಲೆ. ಸೀಡ್ ಮೊದಲು, ಲೆಸ್ ಆಮೇಲೆ. ಅದಾದ ಮೇಲೆ ‘ಕ್ಲೌಡ್‌ಲೆಸ್’ ಅಂತ ಬೋರ್ಡ್ ಮೇಲೆ ಬರಿ, ಹಿಂದೆಂದೂ ಓದದ ಮಗುವೂ ಮೋಡ ಇಲ್ಲದ ಆಕಾಶ ಅನ್ನುತ್ತದೆ.”

“ನಾನು ಲೆಸ್ ಅಂದರೆ ಕಡಿಮೆ ಅಂತ ಬರೆದಿದ್ದೆ ಮೇಡಂ.”

“ಎಷ್ಟೋ ಗೈಡುಗಳಲ್ಲೂ ಹಾಗೇ ಇದೆ. ಸೀಡ್‌ಲೆಸ್ ಅಂದರೆ ಕಡಿಮೆ ಬೀಜದ್ದಲ್ಲ. ಕೇಳಲು ಒಂದೇ ಥರ ಇದ್ದರೂ ಅವು ಬೇರೆಬೇರೆ ಮೂಲದಿಂದ ಬಂದವು. ಈ ಸಫಿಕ್ಸ್ ಹಳೆಯ ಇಂಗ್ಲಿಷಿನಲ್ಲಿ ಇಲ್ಲದ, ರಹಿತವಾದ ಅನ್ನುವ ಅರ್ಥದ ಬೇರೆಯೇ ಪದವಾಗಿತ್ತು. ‘ಫುಲ್’ ಮಾತ್ರ ನಿಜಕ್ಕೂ ತುಂಬಿದ ಅನ್ನುವ ಪದವೇ. ಸಫಿಕ್ಸ್ ಆದಾಗ ಒಂದು ‘ಎಲ್’ ಕಳೆದುಕೊಂಡಿತು ಅಷ್ಟೇ. ಯೂಸ್‌ಫುಲ್, ಯೂಸ್‌ಲೆಸ್, ಕೇರ್‌ಫುಲ್, ಕೇರ್‌ಲೆಸ್. ಆದರೆ ‘ಹೋಮ್‌ಲೆಸ್’ ಇದೆ, ‘ಹೋಮ್‌ಫುಲ್’ ಅಂತ ಯಾರೂ ಅನ್ನುವುದಿಲ್ಲ. ಇದನ್ನೂ ಮಕ್ಕಳ ಮುಂದೆ ಇಟ್ಟುಬಿಡು. ಎಲ್ಲಕ್ಕೂ ಜೋಡಿ ಇರುವುದಿಲ್ಲ ಅಂತ ಅವರೇ ಕಂಡುಕೊಳ್ಳಲಿ.”

ಇಲ್ಲಿ ಒಂದು ಮಾತು ಹೇಳಲೇಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ದೂರು ಮಾತ್ರ ನಿಂತಿಲ್ಲ. ಆದರೆ ಆ ಮಕ್ಕಳ ಕನ್ನಡದೊಳಗೇ ಬಂದು ನೆಲೆಸಿರುವ ಇಂಗ್ಲಿಷನ್ನು ಪಾಠದ ಬಂಡವಾಳವೆಂದು ಎಣಿಸಿದ ತರಗತಿಗಳು ತೀರಾ ಕಡಿಮೆ. ರೀಚಾರ್ಜ್, ರೀಫಿಲ್, ಪ್ರಿಪೇಯ್ಡ್, ನಾನ್‌ಸ್ಟಾಪ್ ಬಸ್ಸು, ಅನ್‌ಲಿಮಿಟೆಡ್ ಊಟ. 2020ರ ಜೂನ್‌ನಲ್ಲಿ ‘ಅನ್‌ಲಾಕ್ 1’ ಶುರುವಾದಾಗ ಹಳ್ಳಿಯ ಅಜ್ಜಿಗೂ ಆ ಪದ ತಿಳಿಯಿತು. ಇವೆಲ್ಲ ತರಗತಿಯ ಬಾಗಿಲಾಚೆಯೇ ನಿಂತಿರುವುದು ನಿಜಕ್ಕೂ ದೊಡ್ಡ ನಷ್ಟ.

ಮಾತು ‘ಇಆರ್’ ಕಡೆ ತಿರುಗಿತು. ತರುಣ ತಾವು ಓದಿದ್ದ ಒಂದು ಪ್ರಯೋಗವನ್ನು ನೆನಪಿಸಿಕೊಂಡರು. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಪುಟ್ಟ ಮಕ್ಕಳಿಗೆ ಲೋಕದಲ್ಲೇ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’, ಈಗ ಇಂಥವು ಎರಡಿವೆ, ಏನನ್ನಬೇಕು ಎಂದು ಕೇಳಿದರು. ಮಕ್ಕಳು ‘ವಗ್ಸ್’ ಎಂದರು. ಎಂದೂ ಕೇಳದ ಪದಕ್ಕೆ ಬಹುವಚನ ಹಚ್ಚಿದರೆಂದರೆ ನಿಯಮ ಮಕ್ಕಳ ಒಳಗೇ ಇದೆ ಎಂದಾಯಿತು. ಆದರೆ ಅದೇ ಮಕ್ಕಳಿಗೆ, ಒಬ್ಬ ಮನುಷ್ಯ ‘ಝಿಬ್’ ಮಾಡುವ ಕೆಲಸ ಮಾಡುತ್ತಾನೆ, ಅವನಿಗೆ ಏನನ್ನಬೇಕು ಎಂದು ಕೇಳಿದಾಗ ದೊಡ್ಡವರಂತೆ ‘ಝಿಬರ್’ ಎಂದವರು ಹತ್ತರಲ್ಲಿ ಒಬ್ಬರಷ್ಟೇ. ಕೆಲವರು ‘ಝಿಬ್‌ಮ್ಯಾನ್’ ಎಂದು ತಾವೇ ಒಂದು ಪದ ಕಟ್ಟಿದರು.

“ಅಂದರೆ ಇಂಗ್ಲಿಷ್ ತಾಯ್ನುಡಿಯ ಮಕ್ಕಳಿಗೂ ‘ಇಆರ್’ ತಾನಾಗಿ ಬರುವುದಿಲ್ಲ ಮೇಡಂ. ಅದನ್ನು ಕಲಿಸಬೇಕು.”

“ಒಳ್ಳೆಯ ಮಾತು ಹೇಳಿದೆ. ಈ ವಗ್ ಆಟವನ್ನು ಕನ್ನಡದಲ್ಲೇ ಮೊದಲು ಆಡಿಸು. ಬೋರ್ಡಿನ ಮೇಲೆ ಇಲ್ಲದ ಹಕ್ಕಿಯೊಂದನ್ನು ಬರೆದು ‘ಗಿಬುಕ’ ಅಂತ ಹೆಸರಿಡು, ಎರಡಿದ್ದರೆ ಏನು ಅಂತ ಕೇಳು. ‘ಗಿಬುಕಗಳು’ ಅನ್ನುತ್ತಾರೆ. ಗಿಬುಕ ಅಂದರೆ ಒಬ್ಬ ಹುಡುಗ ಅಂತ ಹೇಳಿದರೆ ‘ಗಿಬುಕರು’ ಆಗುತ್ತದೆ. ಅಕ್ಕ, ಅಣ್ಣನ ಹಾಗೆ ಒಂದು ಸಂಬಂಧ ಅಂದರೆ ‘ಗಿಬುಕಂದಿರು’. ನಮ್ಮಲ್ಲಿ ಅರ್ಥ ನೋಡಿ ಪ್ರತ್ಯಯ ಬದಲಾಗುತ್ತದೆ, ಇಂಗ್ಲಿಷಿನಲ್ಲಿ ಶಬ್ದ ನೋಡಿ ಉಚ್ಚಾರಣೆ ಬದಲಾಗುತ್ತದೆ. ತಮ್ಮ ನುಡಿಯೊಳಗೇ ಇಂಥ ಕೆಲಸ ನಡೆಯುತ್ತಿದೆ ಅಂತ ಕಂಡ ಮಕ್ಕಳು ಇಂಗ್ಲಿಷಿನಲ್ಲಿ ಅದನ್ನು ಹುಡುಕಲು ಶುರು ಮಾಡುತ್ತಾರೆ. ಆಮೇಲೆ ‘ಇಆರ್’ಗೆ ಬಾ. ಬಳೆಗಾರ, ಕನ್ನಡಿಗ, ಹೂವಾಡಿಗ ಅಂತ ನಮ್ಮವನ್ನು ಬರೆದು, ಪಕ್ಕದಲ್ಲಿ ಡ್ರೈವರ್, ಪೇಂಟರ್, ಟೀಚರ್ ಬರಿ. ಪೇಂಟ್ ಮಾಡುವವನು ಪೇಂಟರ್.”

“ಅಲ್ಲಿ ನನಗೆ ಒಂದು ಮಗು ಕುಕ್ಕರ್ ಅಂದರೆ ಅಡುಗೆಯವರು ಅಂತ ಹೇಳಿತು.”

“ಆ ಮಗುವಿಗೆ ನಿಯಮ ಪೂರ್ತಿ ಅರ್ಥವಾಗಿದೆ! ಟೀಚ್ ಮಾಡುವವರು ಟೀಚರ್ ಆದರೆ ಕುಕ್ ಮಾಡುವವರು ಕುಕ್ಕರ್ ಆಗಬೇಕು ತಾನೆ? ಇಂಗ್ಲಿಷಿನಲ್ಲಿ ಅಡುಗೆಯವರಿಗೆ ‘ಕುಕ್’ ಅನ್ನುವ ಪದ ಮೊದಲೇ ಇತ್ತು, ‘ಕುಕ್ಕರ್’ ಪಾತ್ರೆಗೆ ಹೋಯಿತು. ‘ಇಆರ್’ ಮನುಷ್ಯನಿಗಷ್ಟೇ ಅಲ್ಲ, ಉಪಕರಣಕ್ಕೂ ಹತ್ತುತ್ತದೆ ಅಂತ ಅಲ್ಲಿಂದಲೇ ಹೇಳು. ಹೀಟರ್, ಚಾರ್ಜರ್, ಕೂಲರ್. ಆಮೇಲೆ ಡಾಕ್ಟರ್ ಯಾವುದನ್ನು ‘ಡಾಕ್ಟ್’ ಮಾಡುತ್ತಾರೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪದ ಲ್ಯಾಟಿನ್ನಿನಿಂದ ಇಡಿಯಾಗಿ ಬಂದದ್ದು, ಇಂಗ್ಲಿಷಿನಲ್ಲಿ ಅದು ಬಿಡಿಸಿಕೊಳ್ಳುವುದಿಲ್ಲ ಅಂತ ನೇರವಾಗಿ ಹೇಳಿಬಿಡು.”

ತರುಣನಿಗೆ ಇದಕ್ಕಿಂತ ತಲೆನೋವಾಗಿದ್ದದ್ದು ‘ಇಡಿ’. ಮಕ್ಕಳು ‘ವಾಕೆಡ್’, ‘ಜಂಪೆಡ್’ ಎಂದೇ ಓದುತ್ತಾರೆ; ಎಷ್ಟು ತಿದ್ದಿದರೂ ಮರುದಿನ ಅದೇ. ಅವರು ಹಾಗೆ ಓದುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ, ಅಕ್ಷರವಿದ್ದರೆ ಸದ್ದಿದೆ.

“ಇದಕ್ಕೆ ನಮ್ಮ ವರ್ಣಮಾಲೆಗಿಂತ ಒಳ್ಳೆಯ ಚಾರ್ಟು ಇಂಗ್ಲಿಷಿನವರ ಹತ್ತಿರವೂ ಇಲ್ಲ ಕಣಪ್ಪ,” ಎಂದರು ಹಿರಿಯರು. ಅವರ ದನಿಯಲ್ಲಿ ಈಗ ಬೇರೆಯೇ ಹುರುಪು. “ಗೋಡೆಯ ಮೇಲೆ ಇದೆಯಲ್ಲ, ಕ ಖ ಗ ಘ. ವರ್ಗದ ಮೊದಲ ಅಕ್ಷರ ಹೇಳುವಾಗ ಗಂಟಲು ಮುಟ್ಟಿ ನೋಡಿಕೊಳ್ಳಲಿ, ನಡುಗುವುದಿಲ್ಲ. ಮೂರನೆಯದಕ್ಕೆ ನಡುಗುತ್ತದೆ. ಈಗ ‘ವಾಕ್’ ಯಾವುದರಲ್ಲಿ ಮುಗಿಯಿತು? ಕಕಾರದಲ್ಲಿ. ‘ಜಂಪ್’ ಪಕಾರದಲ್ಲಿ, ‘ವಾಚ್’ ಚಕಾರದಲ್ಲಿ. ಇವು ವರ್ಗದ ಮೊದಲ ಅಕ್ಷರಗಳು, ಆದ್ದರಿಂದ ‘ಇಡಿ’ಗೆ ‘ಟ್’ ಸದ್ದು. ವಾಕ್ಟ್, ಜಂಪ್ಟ್, ವಾಚ್ಟ್. ಶ, ಸ ಕೂಡ ಇವುಗಳ ಜೊತೆಯವೇ. ‘ಹಗ್’, ‘ರಬ್’ ಮುಗಿಯುವುದು ಮೂರನೆಯ ಅಕ್ಷರದಲ್ಲಿ, ಅಲ್ಲಿ ‘ಡ್’. ‘ಪ್ಲೇ’ ಹಾಗೆ ಸ್ವರದಲ್ಲಿ ಮುಗಿದರೂ ‘ಡ್’. ಪದವೇ ಟ ಅಥವಾ ಡದಲ್ಲಿ ಮುಗಿದಿದ್ದರೆ ಮಾತ್ರ ನಡುವೆ ಸ್ವರ ಬೇಕು. ವಾಂಟೆಡ್, ನೀಡೆಡ್. ಬಹುವಚನದ ‘ಎಸ್’ ಕೂಡ ಇದೇ ದಾರಿ ಹಿಡಿಯುತ್ತದೆ. ‘ಕ್ಯಾಟ್ಸ್’ ಅನ್ನುವಾಗ ಸಕಾರ, ‘ಡಾಗ್ಝ್’ ಅನ್ನುವಾಗ ಗಂಟಲು ನಡುಗುವ ಸದ್ದು. ನಮ್ಮ ವರ್ಣಮಾಲೆಯ ಜೋಡಣೆಯಲ್ಲೇ ಈ ಜ್ಞಾನವಿದೆ. ಇಂಗ್ಲಿಷಿನ ಎಬಿಸಿಡಿಯಲ್ಲಿ ಅಂಥ ಜೋಡಣೆ ಇಲ್ಲ.”

ತರುಣ ಚಾರ್ಟಿನ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದರು. ಬರೆಯುತ್ತಲೇ ಕೇಳಿದರು, “ಸ್ಪೆಲ್ಲಿಂಗ್? ‘ಹೋಪ್’ಗೆ ‘ಐಎನ್‌ಜಿ’ ಸೇರಿದಾಗ ಕೊನೆಯ ‘ಇ’ ಬಿದ್ದುಹೋಗುತ್ತದೆ. ‘ರನ್’ಗೆ ಸೇರಿದಾಗ ಇನ್ನೊಂದು ‘ಎನ್’ ಬರುತ್ತದೆ. ‘ಹ್ಯಾಪಿ’ಗೆ ‘ನೆಸ್’ ಸೇರಿದರೆ ‘ವೈ’ ಹೋಗಿ ‘ಐ’ ಬರುತ್ತದೆ. ಮೂರು ಬೇರೆಬೇರೆ ನಿಯಮ, ಮೂರಕ್ಕೂ ಅಪವಾದ ಬೇರೆ.”

“ಒಂದು ಅಕ್ಷರ ಬಿತ್ತು, ಒಂದು ಬಂತು, ಒಂದರ ಜಾಗಕ್ಕೆ ಇನ್ನೊಂದು ಬಂತು. ಇದನ್ನು ನೀನು ಬೇರೆಲ್ಲೂ ಕೇಳಿಲ್ಲವೆ?”

ಒಂದು ಕ್ಷಣ ಸುಮ್ಮನಿದ್ದು ತರುಣ, “ಲೋಪ, ಆಗಮ, ಆದೇಶ!” ಎಂದರು.

“ಊರು, ಅಲ್ಲಿ ಸೇರಿ ಊರಲ್ಲಿ. ಮನೆ, ಅನ್ನು ಸೇರಿ ಮನೆಯನ್ನು. ಮಳೆ, ಕಾಲ ಸೇರಿ ಮಳೆಗಾಲ. ಐದನೇ ತರಗತಿಗೆ ಸಂಧಿಯ ಹೆಸರುಗಳು ಬೇಡ. ಆದರೆ ‘ಮಳೆಕಾಲ’ ಅಂತ ಯಾರಾದರೂ ಅಂದರೆ ಮಕ್ಕಳು ಅಲ್ಲ ಅಂತ ಕೂಗುತ್ತಾರೆ. ಎರಡು ತುಂಡು ಸೇರುವ ಜಾಗದಲ್ಲಿ ಅಕ್ಷರ ಅಲುಗಾಡುತ್ತದೆ ಅಂತ ಅವರ ಕಿವಿಗೆ ಗೊತ್ತು. ಇಂಗ್ಲಿಷಿನಲ್ಲಿ ಆ ಅಲುಗಾಟ ಕಾಗದದ ಮೇಲೆ ಕಾಣುತ್ತದೆ, ನಮ್ಮಲ್ಲಿ ಕಿವಿಗೂ ಕೇಳುತ್ತದೆ. ‘ಹಾಪಿಂಗ್’ನಲ್ಲಿ ಎರಡು ‘ಪಿ’, ‘ಹೋಪಿಂಗ್’ನಲ್ಲಿ ಒಂದೇ. ಕುಂಟುವುದಕ್ಕೂ ಹಾರೈಸುವುದಕ್ಕೂ ಇರುವ ವ್ಯತ್ಯಾಸ ಆ ಒಂದು ಅಕ್ಷರದಲ್ಲಿದೆ ಅಂತ ತೋರಿಸು.”

ಹೀಗೆ ಸಫಿಕ್ಸ್‌ಗಳ ಮಾತು ಮುಗಿದ ಮೇಲೆ ಪ್ರಿಫಿಕ್ಸ್ ಬಂತು. ಇಲ್ಲಿಯೂ ಹಿರಿಯರ ಸಲಹೆ ಕನ್ನಡದ ಮೂಲಕವೇ. ನ್ಯಾಯ, ಅನ್ಯಾಯ ಆಟದ ಬಯಲಿನಲ್ಲಿ ದಿನವೂ ಕೇಳುವ ಮಾತುಗಳು. ಸತ್ಯ, ಅಸತ್ಯ; ಸಾಧ್ಯ, ಅಸಾಧ್ಯ. ತಲೆಯ ಕಡೆ ಸೇರುವ ತುಂಡೂ ಇರುತ್ತದೆ ಎಂಬುದು ಇಲ್ಲಿಂದ ತಿಳಿಯುತ್ತದೆ. ‘ಅಸಾಧ್ಯ’ದಿಂದ ‘ಇಂಪಾಸಿಬಲ್’ಗೆ ಹೋಗುವುದು ಕಷ್ಟವಲ್ಲ.

“ಅದೇ ಯಾಕೆ ‘ಇನ್’ ಅಲ್ಲದೆ ‘ಇಂ’ ಆಯಿತು ಅಂತ ಕೇಳುತ್ತಾರೆ ಮೇಡಂ. ‘ಇರ್‌ರೆಗ್ಯುಲರ್’, ‘ಇಲ್ಲೀಗಲ್’ ಕೂಡ ಇವೆ. ನಾನು ನಾಲ್ಕೂ ಬೇರೆ ಪ್ರಿಫಿಕ್ಸ್ ಅಂತ ಬರೆದಿದ್ದೆ.”

“ಒಂದೇ ಅದು, ಮುಂದಿನ ಅಕ್ಷರಕ್ಕೆ ತಕ್ಕಂತೆ ಬಾಯಿ ಅದನ್ನು ಬದಲಿಸಿಕೊಂಡಿತು. ನಮ್ಮ ಸೊನ್ನೆಯ ಕೆಲಸವೇ ಇದು. ‘ಕಂಬ’ ಅನ್ನುವಾಗ ಸೊನ್ನೆ ಮಕಾರ, ‘ಹಂದಿ’ ಅನ್ನುವಾಗ ನಕಾರ. ಯಾರೂ ಹೇಳಿಕೊಡದೆ ಮಗು ಸರಿಯಾಗಿ ಉಚ್ಚರಿಸುತ್ತದೆ, ಯಾಕೆಂದರೆ ಮುಂದೆ ಬ ಇದ್ದರೆ ತುಟಿ ಮೊದಲೇ ಮುಚ್ಚಿಕೊಳ್ಳುತ್ತದೆ. ‘ಪಾಸಿಬಲ್’ನ ಪಕಾರಕ್ಕೂ ತುಟಿ ಮುಚ್ಚಲೇಬೇಕು. ‘ಅನ್’ ಮಾತ್ರ ಹೀಗೆ ಬದಲಾಗುವುದಿಲ್ಲ, ಬರೆಯುವಾಗ ಯಾವಾಗಲೂ ‘ಅನ್’. ಅದು ಇಂಗ್ಲಿಷಿನ ಸ್ವಂತದ್ದು, ‘ಇನ್’ ಲ್ಯಾಟಿನ್ನಿನಿಂದ ಬಂದದ್ದು.”

“‘ಅನ್’ಗೂ ಎರಡು ಅರ್ಥ ಇವೆಯಲ್ಲ.”

“ಇವೆ, ಚಾರ್ಟಿನಲ್ಲಿ ನೀನು ಒಂದನ್ನೇ ಬರೆದಿದ್ದೀಯ. ‘ಅನ್‌ಕೈಂಡ್’ ಅಂದರೆ ದಯೆ ಇಲ್ಲದ. ‘ಅನ್‌ಟೈ’ ಅಂದರೆ ಕಟ್ಟದಿರುವುದಲ್ಲ, ಕಟ್ಟಿದ್ದನ್ನು ಬಿಚ್ಚುವುದು. ಗುಣ ಹೇಳುವ ಪದಕ್ಕೆ ಸೇರಿದರೆ ಅಲ್ಲ ಅಂತ, ಕೆಲಸ ಹೇಳುವ ಪದಕ್ಕೆ ಸೇರಿದರೆ ಮಾಡಿದ್ದನ್ನು ಹಿಂದಕ್ಕೆ ತಿರುಗಿಸು ಅಂತ. ಶೂ ಲೇಸ್ ಕಟ್ಟಿಸಿ ಬಿಚ್ಚಿಸು, ಚೀಲ ತುಂಬಿಸಿ ಖಾಲಿ ಮಾಡಿಸು, ಫೋನ್ ಲಾಕ್ ಮಾಡಿ ತೆಗೆಸು. ಟೈ, ಅನ್‌ಟೈ, ಪ್ಯಾಕ್, ಅನ್‌ಪ್ಯಾಕ್, ಲಾಕ್, ಅನ್‌ಲಾಕ್. ಕೈ ಮಾಡಿದ್ದನ್ನು ಮಗು ಮರೆಯುವುದಿಲ್ಲ.”

ಒಂದು ಹುಡುಗಿ ‘ಅನ್‌ಗುಡ್’ ಎಂದು ಬರೆದಿದ್ದಳು ಎಂದರು ತರುಣ. ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮೊದಲು ಅದಕ್ಕೊಂದು ಮೆಚ್ಚುಗೆಯ ಮಾತು ಸಲ್ಲಬೇಕೆಂಬುದು ಹಿರಿಯರ ವಾದ. ‘ಗುಡ್’ಗೆ ‘ಬ್ಯಾಡ್’ ಎಂಬ ಎದುರು ಪದ ಮೊದಲೇ ಇರುವುದರಿಂದ ‘ಅನ್’ಗೆ ಅಲ್ಲಿ ಕೆಲಸವಿಲ್ಲ. ‘ಅನ್‌ಹ್ಯಾಪಿ’ ಇದ್ದು ‘ಅನ್‌ಸ್ಯಾಡ್’ ಇಲ್ಲದಿರುವುದೂ ಗಮನಿಸಬೇಕಾದ್ದು. ‘ಅನ್’ ಸಾಮಾನ್ಯವಾಗಿ ಒಳ್ಳೆಯದನ್ನು ಹೇಳುವ ಪದಕ್ಕೇ ಅಂಟುತ್ತದೆ. ಕನ್ನಡದಲ್ಲೂ ‘ಅನ್ಯಾಯ’ ಎನ್ನುತ್ತೇವೆ, ‘ಒಳ್ಳೆಯ’ ಎಂಬುದಕ್ಕೆ ಮುಂದೊಂದು ‘ಅ’ ಹಚ್ಚಿ ಯಾರೂ ಮಾತಾಡುವುದಿಲ್ಲ.

ಬಿಡಿಸಲು ಕಲಿತ ಮಕ್ಕಳು ಎಲ್ಲವನ್ನೂ ಬಿಡಿಸಲು ಹೊರಡುತ್ತಾರೆ. ‘ಅಂಕಲ್’ನಲ್ಲಿ ‘ಅನ್’ ಕಾಣುತ್ತದೆ, ‘ರೆಡಿ’ಯಲ್ಲಿ ‘ರೀ’, ‘ಮದರ್’ನಲ್ಲಿ ‘ಇಆರ್’, ‘ಕಾರ್ನರ್’ನಲ್ಲಿ ಕಾರ್ನ್ ಅಂದರೆ ಜೋಳ. ಇದಕ್ಕೆ ಹಿರಿಯರದು ಒಂದೇ ಪರೀಕ್ಷೆ: ತುಂಡು ತೆಗೆದ ಮೇಲೆ ಉಳಿದದ್ದು ಪದವಾಗಿರಬೇಕು, ಅದರ ಅರ್ಥ ಇಡೀ ಪದದ ಅರ್ಥಕ್ಕೆ ತಾಕಬೇಕು. ‘ಅಂಕಲ್’ ಮೊದಲನೆಯದರಲ್ಲೇ ಸೋಲುತ್ತದೆ. ‘ಕಾರ್ನರ್’ ಎರಡನೆಯದರಲ್ಲಿ, ಮೂಲೆಗೂ ಜೋಳಕ್ಕೂ ಸಂಬಂಧವಿಲ್ಲ.

“ಇದರಲ್ಲೂ ಜಾರಿಕೊಳ್ಳುವ ಪದ ಒಂದಿದೆ, ಅದನ್ನು ತಪ್ಪದೆ ಹೇಳು,” ಎಂದರು. “ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮೆಬಲ್’ ಅಂತ ಬರೆದಿರುತ್ತದೆ. ನೀನು ಕಲಿಸಿದ ಮಗು ಅದನ್ನು ಬಿಡಿಸಿದರೆ ಬೆಂಕಿ ಹತ್ತದ್ದು ಅಂತ ಓದುತ್ತದೆ. ಅರ್ಥ ನೇರ ಉಲ್ಟಾ, ಥಟ್ಟನೆ ಬೆಂಕಿ ಹತ್ತುವಂಥದ್ದು. ಅಲ್ಲಿಯ ‘ಇನ್’ ಅಲ್ಲ ಅನ್ನುವುದಲ್ಲ, ಒಳಕ್ಕೆ ಅನ್ನುವ ಬೇರೆ ‘ಇನ್’. ಇದೊಂದನ್ನು ಮಾತ್ರ ಊಹೆಗೆ ಬಿಡಬೇಡ, ಬಾಯಿಪಾಠ ಮಾಡಿಸು.”

ತರುಣ ಚಾರ್ಟನ್ನು ಸುತ್ತಿದರು. “ಮುಂದಿನ ವಾರ ಕಿರು ಪರೀಕ್ಷೆ ಇದೆ. ಸರಿಯಾದ ಪ್ರಿಫಿಕ್ಸ್ ಸೇರಿಸಿ ಬರೆಯಿರಿ, ಹತ್ತು ಪದ, ಹತ್ತು ಅಂಕ. ಪ್ರಶ್ನೆಪತ್ರಿಕೆ ತಯಾರಿದೆ.”

“ಐದನ್ನು ಉಳಿಸಿಕೊ. ಉಳಿದ ಐದು ಅಂಕಕ್ಕೆ ಮೂರು ಸಾಲಿನ ಒಂದು ಪುಟ್ಟ ಕತೆ ಬರಿ. ಅದರಲ್ಲಿ ಪಾಠದಲ್ಲಿ ಬಾರದ ಎರಡು ಪದ ಇರಲಿ. ‘ಸ್ಲೀಪ್‌ಲೆಸ್’ ಒಂದು, ‘ಅನ್‌ಬಟನ್’ ಒಂದು. ಅರ್ಥವನ್ನು ಕನ್ನಡದಲ್ಲೇ ಬರೆಯಲಿ, ಹೇಗೆ ಗೊತ್ತಾಯಿತು ಅಂತ ಒಂದು ಸಾಲು ಸೇರಿಸಲಿ.”

“ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಕೊಡಬಹುದಾ ಮೇಡಂ?”

“ಅಂಗಿಯ ಗುಂಡಿ ಬಿಚ್ಚು ಅಂತ ಬರೆದ ಮಗು ಆ ಇಂಗ್ಲಿಷ್ ಪದವನ್ನು ಓದಿ, ಬಿಡಿಸಿ, ಅರ್ಥ ಮಾಡಿಕೊಂಡಿದೆ. ಪೂರ್ತಿ ಅಂಕ ಕೊಡು. ಗುಂಡಿ ಹಾಕದಿರುವುದು ಅಂತ ಬರೆದರೆ ಅರ್ಧ ಕೊಟ್ಟು, ಮಾರನೆಯ ದಿನ ಆ ಮಗುವಿನ ಕೈಗೇ ಒಂದು ಅಂಗಿ ಕೊಡು.”